ಎಳೆಯ ಮಕ್ಕಳಿಗೆ ಎಲ್ಲ ಧರ್ಮಗಳ ಪಾಠ: ಬೇಕೆ, ಹೇಗೆ, ಯಾರಿಂದ?

ಎರಡನೇ ತರಗತಿಯ ಮಗುವೊಂದು ಎದ್ದು ನಿಂತು ಕೇಳುತ್ತದೆ: “ಮಿಸ್, ಇವನು ಯಾಕೆ ಪ್ರಸಾದ ಬೇಡ ಅಂತಾನೆ?” ಆ ಹೊತ್ತಿಗೆ ಶಿಕ್ಷಕಿಯ ಮುಂದೆ ಮೂರು ದಾರಿಗಳಿರುತ್ತವೆ. “ಅದೆಲ್ಲ ಕೇಳಬಾರದು, ಕೂತ್ಕೋ” ಎಂದು ಮಾತು ಮುಗಿಸಬಹುದು. ತಮ್ಮ ನಂಬಿಕೆಗೆ ತಕ್ಕಂತೆ ಯಾವುದು ಸರಿ, ಯಾವುದು ತಪ್ಪು ಎಂದು ತೀರ್ಪು ಕೊಡಬಹುದು. ಇಲ್ಲವೇ ನಿಮ್ಮ ಮನೆಯಲ್ಲಿ ಹೀಗೆ, ಅವರ ಮನೆಯಲ್ಲಿ ಹಾಗೆ, ಎರಡಕ್ಕೂ ಅವರವರ ಕಾರಣಗಳಿವೆ ಎಂದು ಬಿಡಿಸಿ ಹೇಳಬಹುದು.

ಈ ಮೂರೂ ದಾರಿಗಳನ್ನು ಒಂದಲ್ಲ ಒಂದು ದೇಶ ಕಾನೂನಾಗಿಯೇ ಮಾಡಿಕೊಂಡಿದೆ. ಒಂದು ಕಡೆ ಧರ್ಮಕ್ಕೆ ಶಾಲೆಯ ಬಾಗಿಲು ಮುಚ್ಚಿದೆ. ಇನ್ನೊಂದು ಕಡೆ ಒಂದೇ ಧರ್ಮದ ಬೋಧನೆ ನಡೆದಿದೆ. ಮತ್ತೊಂದು ಕಡೆ ಐದು ವರ್ಷದ ಮಕ್ಕಳಿಗೂ ಹಲವು ಧರ್ಮಗಳ ಪರಿಚಯ ಮಾಡಿಸುತ್ತಾರೆ. ಮೂರನೆಯ ದಾರಿಯ ಪರ ಹಾಗೂ ವಿರುದ್ಧದ ವಾದಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದಿವೆ. ನಮ್ಮಲ್ಲಿ ಈ ಚರ್ಚೆ ಪಠ್ಯಪುಸ್ತಕದ ವಿವಾದ ಬಂದಾಗ ಭುಗಿಲೆದ್ದು, ಆಮೇಲೆ ತಣ್ಣಗಾಗಿಬಿಡುತ್ತದೆ. ಗದ್ದಲವಿಲ್ಲದ ಹೊತ್ತಿನಲ್ಲಿ ಅದನ್ನು ಇಡಿಯಾಗಿ ನೋಡುವ ಪ್ರಯತ್ನ ಇದು.

ಇಂಗ್ಲೆಂಡಿನ ದೀರ್ಘ ಪ್ರಯೋಗ

ಈ ವಿಷಯದಲ್ಲಿ ಅತಿ ಹೆಚ್ಚು ಕಾಲ ಪ್ರಯೋಗ ನಡೆಸಿದ ನಾಡು ಇಂಗ್ಲೆಂಡ್. 1870ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಸ್ಥಳೀಯ ಮಂಡಳಿಗಳ ಶಾಲೆಗಳನ್ನು ತೆರೆದಾಗ, ಕೌಪರ್-ಟೆಂಪಲ್ ಎಂಬ ಸಂಸದರ ಹೆಸರಿನ ಒಂದು ಕಲಮು ಅದರೊಳಗೆ ಸೇರಿತು. ಯಾವುದೇ ಒಂದು ಚರ್ಚ್ ಪಂಗಡಕ್ಕೆ ವಿಶಿಷ್ಟವಾದ ಬೋಧನೆಯನ್ನು ಈ ಶಾಲೆಗಳಲ್ಲಿ ಮಾಡುವಂತಿಲ್ಲ ಎಂಬುದು ಅದರ ಸಾರ. ಆಗಿನ ಜಗಳ ಧರ್ಮ ಧರ್ಮಗಳ ನಡುವಿನದಲ್ಲ, ಕ್ರೈಸ್ತರೊಳಗಿನ ಪಂಗಡಗಳದ್ದು. ಬೈಬಲ್ ಇರಲಿ, ಪಂಗಡ ಬೇಡ ಎಂಬ ಒಪ್ಪಂದಕ್ಕೆ ಬಂದರು.

1944ರ ಬಟ್ಲರ್ ಕಾಯ್ದೆ ಧಾರ್ಮಿಕ ಬೋಧನೆಯನ್ನೂ ದಿನದ ಸಾಮೂಹಿಕ ಪ್ರಾರ್ಥನೆಯನ್ನೂ ಕಡ್ಡಾಯ ಮಾಡಿತು. ಪಠ್ಯಕ್ರಮವನ್ನು ಆಯಾ ಪ್ರದೇಶದ ಚರ್ಚುಗಳು, ಶಿಕ್ಷಕರು ಮತ್ತು ಸ್ಥಳೀಯ ಆಡಳಿತ ಕೂತು ಒಪ್ಪಬೇಕು. ಒಪ್ಪದ ಪೋಷಕರು ಮಗುವನ್ನು ಆ ತರಗತಿಯಿಂದ ಹೊರಗಿಡಬಹುದು. ಆಗಲೂ ಒಳಗಿದ್ದದ್ದು ಕ್ರೈಸ್ತ ಧರ್ಮವೊಂದೇ.

ಬದಲಾವಣೆ ಬಂದದ್ದು ಜನ ಬದಲಾದಾಗ. ಭಾರತ, ಪಾಕಿಸ್ತಾನ, ಪೂರ್ವ ಆಫ್ರಿಕಾಗಳಿಂದ ಬಂದ ಕುಟುಂಬಗಳ ಮಕ್ಕಳು 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್, ಕವೆಂಟ್ರಿ, ಲೆಸ್ಟರ್‌ನ ಶಾಲೆಗಳಲ್ಲಿ ಕೂತರು. 1975ರಲ್ಲಿ ಬರ್ಮಿಂಗ್‌ಹ್ಯಾಮ್ ನಗರ ಹೊರತಂದ ಪಠ್ಯಕ್ರಮ ಹಿಂದೂ, ಇಸ್ಲಾಂ, ಸಿಖ್, ಯಹೂದಿ ಧರ್ಮಗಳನ್ನೂ ಒಳಗೆ ತಂದಿತು. ಕಮ್ಯುನಿಸಂ, ಮಾನವತಾವಾದಗಳಂಥ ಧರ್ಮೇತರ ಬದುಕಿನ ನಿಲುವುಗಳಿಗೂ ಜಾಗ ಕೊಟ್ಟದ್ದಕ್ಕೆ ದೊಡ್ಡ ರಂಪವೇ ಆಯಿತು. 1988ರ ಶಿಕ್ಷಣ ಸುಧಾರಣಾ ಕಾಯ್ದೆ ಮಧ್ಯದ ದಾರಿ ಹಿಡಿಯಿತು: ನಾಡಿನ ಪರಂಪರೆ ಮುಖ್ಯವಾಗಿ ಕ್ರೈಸ್ತವೆಂಬುದನ್ನು ಪಠ್ಯಕ್ರಮ ತೋರಿಸಬೇಕು, ಜೊತೆಗೆ ಅಲ್ಲಿರುವ ಇತರ ಪ್ರಮುಖ ಧರ್ಮಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು. 1994ರ ಮಾದರಿ ಪಠ್ಯಕ್ರಮಗಳು ಕ್ರೈಸ್ತ, ಬೌದ್ಧ, ಹಿಂದೂ, ಇಸ್ಲಾಂ, ಯಹೂದಿ, ಸಿಖ್ ಎಂಬ ಆರರ ಪಟ್ಟಿಯನ್ನು ಗಟ್ಟಿ ಮಾಡಿದವು. ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಹೋಗಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ದೀಪಾವಳಿಯ ಪಾಠವನ್ನು ಇಂಗ್ಲಿಷ್ ಟೀಚರಿನಿಂದ ಕೇಳುವುದು ಈ ಇತಿಹಾಸದ ಫಲ.

ಕಲಿಸುವ ಬಗೆ: ನಾಲ್ಕು ವಿಚಾರಧಾರೆಗಳು

ಏನನ್ನು ಸೇರಿಸಬೇಕು ಎಂಬುದಕ್ಕಿಂತ ಹೇಗೆ ಕಲಿಸಬೇಕು ಎಂಬ ಚರ್ಚೆಯೇ ಹೆಚ್ಚು ಫಲ ಕೊಟ್ಟಿದೆ.

ಮೊದಲನೆಯದು ನಿನಿಯನ್ ಸ್ಮಾರ್ಟ್ ಅವರ ಧಾರೆ. 1967ರಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಅಧ್ಯಯನ ವಿಭಾಗ ಕಟ್ಟಿದ ಸ್ಮಾರ್ಟ್, ಯಾವುದೇ ಧರ್ಮವನ್ನು ಆಚರಣೆ, ಪುರಾಣ, ತತ್ತ್ವ, ನೀತಿ, ಸಮಾಜ, ಅನುಭವ ಎಂಬ ಮುಖಗಳಲ್ಲಿ ನೋಡಬಹುದು ಎಂದರು. ನೋಡುವವರು ಸತ್ಯಾಸತ್ಯದ ತೀರ್ಪನ್ನು ಬದಿಗಿಟ್ಟು, ನಂಬುವವರ ಒಳಗಣ್ಣಿನಿಂದ ನೋಡಲು ಯತ್ನಿಸಬೇಕು. ಶಿಕ್ಷಕರು ಪ್ರಚಾರಕರಾಗದೆ ಧರ್ಮಗಳನ್ನು ಕಲಿಸಬಹುದು ಎಂಬ ಧೈರ್ಯ ಕೊಟ್ಟದ್ದು ಈ ಧಾರೆ. ಆದರೆ ಪ್ರಾಥಮಿಕ ತರಗತಿಗೆ ಇಳಿದಾಗ ಇದು ಬಡಕಲಾಯಿತು. ಸೋಮವಾರ ಹಿಂದೂ ಹಬ್ಬ, ಮುಂದಿನ ಸೋಮವಾರ ಯಹೂದಿ ಹಬ್ಬ, ಅದರ ಮುಂದಿನದು ಸಿಖ್ ಹಬ್ಬ ಎಂಬಂತೆ ಉಡುಗೆ, ತಿಂಡಿ, ದೀಪಗಳ ಮೆರವಣಿಗೆಯಾಯಿತು. ಮಕ್ಕಳಿಗೆ ಸಂಭ್ರಮ ಸಿಕ್ಕಿತು, ಅರ್ಥ ಸಿಗಲಿಲ್ಲ.

ಎರಡನೆಯದು ಮಗುವಿನಿಂದ ಹೊರಡುವ ಧಾರೆ. ಧರ್ಮದ ಬಗ್ಗೆ ಕಲಿಯುವುದು ಬೇರೆ, ಧರ್ಮದಿಂದ ಕಲಿಯುವುದು ಬೇರೆ. ಎರಡೂ ಬೇಕು ಎಂದು ಮೈಕೆಲ್ ಗ್ರಿಮಿಟ್ ವಾದಿಸಿದರು. ಅವರೂ ಜಾನ್ ಹಲ್ ಮತ್ತು ಸಂಗಡಿಗರೂ ಸೇರಿ 1991ರಲ್ಲಿ ಪ್ರಾಥಮಿಕ ಶಾಲೆಗಾಗಿ ‘ಎ ಗಿಫ್ಟ್ ಟು ದಿ ಚೈಲ್ಡ್’ ಎಂಬ ಬೋಧನಾ ಸಾಮಗ್ರಿ ಪ್ರಕಟಿಸಿದರು. ಇದು ಇಡೀ ಧರ್ಮವನ್ನು ಕಲಿಸಲು ಹೋಗುವುದಿಲ್ಲ. ಒಂದು ಧರ್ಮದಿಂದ ಒಂದೇ ಒಂದು ವಸ್ತುವನ್ನೋ ಧ್ವನಿಯನ್ನೋ ಕಥೆಯನ್ನೋ ತೆಗೆದುಕೊಳ್ಳುತ್ತದೆ: ಗಣೇಶನ ಮೂರ್ತಿ, ಮಸೀದಿಯ ಆಜಾನ್, ಯೋನನ ಕಥೆ, ಗುರು ನಾನಕರ ಹಾಡು.

ಗಣೇಶನ ಪಾಠವನ್ನೇ ತೆಗೆದುಕೊಳ್ಳಿ. ಮೊದಲು ಮಕ್ಕಳು ಮೂರ್ತಿಯನ್ನು ಹತ್ತಿರದಿಂದ ನೋಡುತ್ತಾರೆ: ಸೊಂಡಿಲು, ದೊಡ್ಡ ಕಿವಿ, ಕಾಲ ಬಳಿಯ ಇಲಿ. ಅನ್ನಿಸಿದ್ದನ್ನು ಹೇಳುತ್ತಾರೆ. ಆಮೇಲೆ ಗಣೇಶನನ್ನು ಪ್ರೀತಿಸುವ, ಪೂಜಿಸುವ ಒಂದು ಹಿಂದೂ ಮಗುವಿನ ಪರಿಚಯವಾಗುತ್ತದೆ. ಈ ಹಂತ ಬಹಳ ಮುಖ್ಯ. ಮೂರ್ತಿ ಆಟಿಕೆಯಲ್ಲ, ಒಬ್ಬರಿಗೆ ದೇವರು ಎಂಬುದು ಉಳಿದ ಮಕ್ಕಳಿಗೆ ಇಲ್ಲಿ ಗೊತ್ತಾಗುತ್ತದೆ. ಜೊತೆಗೆ ಇದು ಅವರ ದೇವರು, ನಾನು ಪೂಜಿಸಲೇಬೇಕೆಂದಿಲ್ಲ ಎಂಬ ಸಮಾಧಾನವೂ ಸಿಗುತ್ತದೆ. ಕೊನೆಗೆ ಮಗು ತನ್ನ ಕಡೆ ತಿರುಗುತ್ತದೆ: ಹೊಸದನ್ನು ಶುರು ಮಾಡುವಾಗ ನನಗೆ ಭಯವಾದರೆ ನಾನು ಏನು ಮಾಡುತ್ತೇನೆ? ಹತ್ತಿರ ಕರೆದೊಯ್ಯುವುದು, ಆಮೇಲೆ ಗೌರವದಿಂದ ದೂರ ನಿಲ್ಲಿಸುವುದು. ಈ ಎರಡು ಹೆಜ್ಜೆಗಳು ಒಟ್ಟಿಗಿದ್ದರೆ ಮನೆಯ ನಂಬಿಕೆ ಕದಲದೆ ಪರಿಚಯ ಸಾಧ್ಯ ಎಂಬುದು ಇವರ ನಿಲುವು. ನನಗೆ ತಿಳಿದಂತೆ ಎಳೆಯ ಮಕ್ಕಳಿಗಾಗಿ ರೂಪಿಸಿದ ವಿಧಾನಗಳಲ್ಲಿ ಇಷ್ಟು ಸೂಕ್ಷ್ಮವಾದದ್ದು ಇನ್ನೊಂದಿಲ್ಲ.

ಮೂರನೆಯದು ವಾರಿಕ್ ವಿಶ್ವವಿದ್ಯಾಲಯದ ರಾಬರ್ಟ್ ಜಾಕ್ಸನ್ ಅವರ ವ್ಯಾಖ್ಯಾನ ಪದ್ಧತಿ. ಜಾಕ್ಸನ್ ಮತ್ತು ಎಲಿನರ್ ನೆಸ್ಬಿಟ್ ಕವೆಂಟ್ರಿಯ ಹಿಂದೂ ಮಕ್ಕಳ ಮನೆಗಳಿಗೆ ಹೋಗಿ ಅಧ್ಯಯನ ನಡೆಸಿ, 1993ರಲ್ಲಿ ಪುಸ್ತಕ ಪ್ರಕಟಿಸಿದರು. ಶಾಲೆಯ ಪುಸ್ತಕದಲ್ಲಿರುವ ‘ಹಿಂದೂ ಧರ್ಮ’ಕ್ಕೂ ಗುಜರಾತಿ, ಪಂಜಾಬಿ ಮನೆಯ ಮಗು ಬದುಕುವ ಧರ್ಮಕ್ಕೂ ಬಹಳ ಅಂತರವಿತ್ತು. ಆದ್ದರಿಂದ ಧರ್ಮಗಳನ್ನು ಮುಚ್ಚಿದ ಪೆಟ್ಟಿಗೆಗಳಂತೆ ಕಲಿಸಬೇಡಿ. ಒಬ್ಬ ವ್ಯಕ್ತಿ, ಅವಳ ಸಮುದಾಯ, ಆ ದೊಡ್ಡ ಪರಂಪರೆ ಈ ಮೂರರ ನಡುವೆ ಓಡಾಡುತ್ತ ಕಲಿಸಿ ಎಂದರು.

ನಾಲ್ಕನೆಯ ಧಾರೆ ಪ್ರಶ್ನಿಸುವವರದು. ಎಲ್ಲವೂ ಚಂದ, ಎಲ್ಲರೂ ಸರಿ ಎನ್ನುವ ಪಾಠ ಪ್ರಾಮಾಣಿಕವಲ್ಲ; ಧರ್ಮಗಳು ಪರಸ್ಪರ ಒಪ್ಪದ ಸತ್ಯಗಳನ್ನು ಸಾರುತ್ತವೆ, ಅದನ್ನು ಮರೆಮಾಚದೆ ಮಕ್ಕಳಿಗೆ ವಿಚಾರ ಮಾಡುವುದನ್ನು ಕಲಿಸಬೇಕು ಎಂದು ಆಂಡ್ರ್ಯೂ ರೈಟ್ ವಾದಿಸಿದರು. ಇತ್ತ, ಯಾವ ಧರ್ಮವನ್ನೂ ಪಾಲಿಸದ ಮನೆಗಳು ಹೆಚ್ಚಾದಂತೆ ಪಠ್ಯದ ಹೆಸರೇ ಬದಲಾಗಬೇಕೆಂಬ ಒತ್ತಾಯ ಬಂತು. 2018ರ ಧಾರ್ಮಿಕ ಶಿಕ್ಷಣ ಆಯೋಗ ‘ಧರ್ಮ ಮತ್ತು ಲೋಕದೃಷ್ಟಿಗಳು’ ಎಂಬ ಹೆಸರನ್ನು ಸೂಚಿಸಿತು. 2022ರಿಂದ ಜಾರಿಗೆ ಬಂದ ವೇಲ್ಸ್‌ನ ಹೊಸ ಪಠ್ಯಕ್ರಮದಲ್ಲಿ ಈ ವಿಷಯಕ್ಕೆ ಧರ್ಮ, ಮೌಲ್ಯ, ನೀತಿ ಎಂಬ ಹೆಸರಿದೆ. ಮಗುವನ್ನು ಹೊರಗಿಡುವ ಪೋಷಕರ ಹಕ್ಕೂ ಅಲ್ಲಿ ಹೋಗಿದೆ.

ಎಷ್ಟನೇ ವಯಸ್ಸಿಗೆ?

1964ರಲ್ಲಿ ರೊನಾಲ್ಡ್ ಗೋಲ್ಡ್‌ಮನ್ ಪ್ರಕಟಿಸಿದ ಸಂಶೋಧನೆ ಶಿಕ್ಷಣ ವಲಯವನ್ನು ಅಲುಗಾಡಿಸಿತು. ಮಕ್ಕಳ ಯೋಚನೆ ಹಂತಹಂತವಾಗಿ ಬೆಳೆಯುತ್ತದೆ ಎಂದ ಮನೋವಿಜ್ಞಾನಿ ಪಿಯಾಜೆ ಅವರ ಸಿದ್ಧಾಂತವನ್ನು ಆಧಾರವಾಗಿಟ್ಟುಕೊಂಡು ಅವರು ಮಕ್ಕಳಿಗೆ ಮೋಶೆ ಕಂಡ ಉರಿಯುವ ಪೊದೆ, ಕೆಂಪು ಸಮುದ್ರ ದಾಟಿದ್ದು ಮುಂತಾದ ಬೈಬಲ್ ಕಥೆಗಳನ್ನು ಹೇಳಿ ಪ್ರಶ್ನೆ ಕೇಳಿದರು. ಸಣ್ಣ ಮಕ್ಕಳು ಎಲ್ಲವನ್ನೂ ಅಕ್ಷರಶಃ ತೆಗೆದುಕೊಂಡರು. ರೂಪಕದ ಅರ್ಥ ಹದಿಹರೆಯದ ಹೊಸ್ತಿಲಿಗೆ ಬರುವವರೆಗೂ ದಕ್ಕುತ್ತಿರಲಿಲ್ಲ. ಬೇಗ ಕಲಿಸಿದರೆ ತಪ್ಪು ಕಲ್ಪನೆ ಗಟ್ಟಿಯಾಗುತ್ತದೆ, ಆಮೇಲೆ ಬಿಡಿಸುವುದು ಕಷ್ಟ ಎಂಬುದು ಅವರ ಎಚ್ಚರಿಕೆ.

ಇದಕ್ಕೆ ಉತ್ತರವಾಗಿ ಬಂದವರು, ಗೋಲ್ಡ್‌ಮನ್ ಅಳೆದದ್ದು ತರ್ಕವನ್ನು ಮಾತ್ರ ಎಂದರು. ಅಮೆರಿಕದ ಮಕ್ಕಳ ಮನೋವೈದ್ಯ ರಾಬರ್ಟ್ ಕೋಲ್ಸ್ 1990ರಲ್ಲಿ, ಬ್ರಿಟನ್ನಿನ ಡೇವಿಡ್ ಹೇ ಮತ್ತು ರೆಬೆಕಾ ನೈ 1998ರಲ್ಲಿ ಮಕ್ಕಳೊಂದಿಗೆ ನಡೆಸಿದ ಮಾತುಕತೆಗಳನ್ನು ಪುಸ್ತಕಗಳಾಗಿ ತಂದರು. ಸಾವು, ಭಯ, ಬೆರಗು, ನ್ಯಾಯಗಳ ಬಗ್ಗೆ ಆರೇಳು ವರ್ಷದ ಮಕ್ಕಳೂ ಆಳವಾಗಿ ಯೋಚಿಸುತ್ತಾರೆ ಎಂಬುದನ್ನು ಅವು ತೋರಿಸುತ್ತವೆ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಆರು ವರ್ಷದ ಮಗುವಿಗೆ ಅದ್ವೈತವನ್ನೋ ತ್ರಿತ್ವವನ್ನೋ ಕಲಿಸಲಾಗದು. ಆದರೆ ಗೆಳತಿಯ ಮನೆಯಲ್ಲಿ ಉಪವಾಸ ಯಾಕೆ ಎಂದು ಕೇಳುವ ಮಗುವಿಗೆ ಹದಿಮೂರು ವರ್ಷ ಆಗುವತನಕ ಕಾಯಿ ಎನ್ನಲೂ ಆಗದು. ಶಾಲೆ ಸುಮ್ಮನಿದ್ದರೆ ಬೀದಿ ಉತ್ತರ ಕೊಡುತ್ತದೆ.

ನ್ಯಾಯಾಲಯಗಳು ಎಳೆದ ಗೆರೆ

ಫ್ರಾನ್ಸ್ ಬಾಗಿಲು ಮುಚ್ಚಿದ ನಾಡು. 1882ರ ಜೂಲ್ ಫೆರಿ ಕಾನೂನು ಧರ್ಮಬೋಧನೆಯನ್ನು ಸರ್ಕಾರಿ ಪ್ರಾಥಮಿಕ ಶಾಲೆಯಿಂದ ತೆಗೆದು, ಬೇಕಾದವರು ಹೊರಗೆ ಕಲಿಸಿಕೊಳ್ಳಲೆಂದು ವಾರದಲ್ಲೊಂದು ದಿನ ಬಿಡುವು ಕೊಟ್ಟಿತು. ಆದರೆ ಧರ್ಮ ಗೊತ್ತಿಲ್ಲದವರಿಗೆ ಸಾಹಿತ್ಯ, ಚಿತ್ರಕಲೆ, ಚರಿತ್ರೆ ಅರ್ಥವಾಗುವುದಿಲ್ಲ ಎಂಬ ಕೊರಗು ಅಲ್ಲೂ ಹುಟ್ಟಿತು. ಧರ್ಮವನ್ನು ಒಂದು ವಾಸ್ತವ ಸಂಗತಿಯಾಗಿ ಇತರ ಪಾಠಗಳೊಳಗೇ ಕಲಿಸಬೇಕೆಂದು 2002ರಲ್ಲಿ ಚಿಂತಕ ರೆಜಿಸ್ ಡೆಬ್ರೆ ಸರ್ಕಾರಕ್ಕೆ ವರದಿ ಕೊಟ್ಟರು.

ಅಮೆರಿಕದ ಸುಪ್ರೀಂ ಕೋರ್ಟ್ 1963ರ ಅಬಿಂಗ್ಟನ್-ಶೆಂಪ್ ಪ್ರಕರಣದಲ್ಲಿ ಸರ್ಕಾರಿ ಶಾಲೆಯಲ್ಲಿ ಭಕ್ತಿಯಿಂದ ಬೈಬಲ್ ಓದಿಸುವುದನ್ನು ತಡೆಯಿತು. ಆದರೆ ಧರ್ಮಗಳ ತೌಲನಿಕ, ಐತಿಹಾಸಿಕ ಅಧ್ಯಯನಕ್ಕೆ ಅಡ್ಡಿಯಿಲ್ಲ ಎಂದು ಅದೇ ತೀರ್ಪಿನಲ್ಲಿ ಹೇಳಿತು. ಗೆರೆ ಎಳೆದದ್ದು ಧರ್ಮಕ್ಕೂ ಶಾಲೆಗೂ ನಡುವೆಯಲ್ಲ, ಆಚರಣೆಗೂ ಅಧ್ಯಯನಕ್ಕೂ ನಡುವೆ.

ನಾರ್ವೆ 1997ರಲ್ಲಿ ಎಲ್ಲ ಮಕ್ಕಳಿಗೂ ಧರ್ಮ ಹಾಗೂ ಲೋಕದೃಷ್ಟಿಗಳ ಒಂದೇ ಕಡ್ಡಾಯ ವಿಷಯ ತಂದಿತು. ಹೆಸರು ಬಹುಧರ್ಮದ್ದು, ತೂಕ ಮಾತ್ರ ಕ್ರೈಸ್ತದ್ದು. ಪೂರ್ತಿ ವಿನಾಯಿತಿಯೂ ಇರಲಿಲ್ಲ. 2007ರ ಫೋಲ್ಗೆರೊ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 9-8 ಮತಗಳಿಂದ, ಇದನ್ನು ಪ್ರಶ್ನಿಸಿದ ಪೋಷಕರ ಪರ ನಿಂತಿತು. ಕೆನಡಾದ ಕ್ಯೂಬೆಕ್ ಪ್ರಾಂತ್ಯ 2008ರಲ್ಲಿ ಒಂದನೇ ತರಗತಿಯಿಂದಲೇ ‘ನೀತಿ ಮತ್ತು ಧಾರ್ಮಿಕ ಸಂಸ್ಕೃತಿ’ ಎಂಬ ಕಡ್ಡಾಯ ವಿಷಯ ತಂದಾಗ ಕ್ಯಾಥೊಲಿಕ್ ಪೋಷಕರು ಮೊಕದ್ದಮೆ ಹೂಡಿದರು. ಹಲವು ನಂಬಿಕೆಗಳನ್ನು ಮಗುವಿಗೆ ಪರಿಚಯಿಸಿದ ಮಾತ್ರಕ್ಕೆ ಪೋಷಕರ ಧಾರ್ಮಿಕ ಸ್ವಾತಂತ್ರ್ಯ ಭಂಗವಾಗುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಆದರೂ ಆ ವಿಷಯ ಉಳಿಯಲಿಲ್ಲ. ಧರ್ಮಕ್ಕೆ ಅತಿಯಾದ ಜಾಗ ಕೊಟ್ಟಿದೆ ಎಂಬ ಟೀಕೆ ಬಲವಾಗಿ, ಸಂಸ್ಕೃತಿ ಹಾಗೂ ಪೌರತ್ವದ ಹೊಸ ವಿಷಯ ಅದರ ಜಾಗಕ್ಕೆ ಬಂದಿದೆ.

ಉತ್ತರ ಐರ್ಲೆಂಡಿನ ಪ್ರಕರಣ ಪ್ರಾಥಮಿಕ ಶಾಲೆಯದ್ದೇ. ಧರ್ಮವನ್ನು ಪಾಲಿಸದ ಮನೆಯ ಪುಟ್ಟ ಹುಡುಗಿಯೊಬ್ಬಳು ಶಾಲೆಯಲ್ಲಿ ಕಲಿತ ಪ್ರಾರ್ಥನೆಯನ್ನು ಮನೆಯಲ್ಲಿ ಊಟಕ್ಕೆ ಮೊದಲು ಹೇಳತೊಡಗಿದಾಗ ಪೋಷಕರು ನ್ಯಾಯಾಲಯಕ್ಕೆ ಹೋದರು. ಅಲ್ಲಿನ ಕ್ರೈಸ್ತ ಕೇಂದ್ರಿತ ಬೋಧನೆ ವಸ್ತುನಿಷ್ಠವೂ ವಿಮರ್ಶಾತ್ಮಕವೂ ಬಹುತ್ವವುಳ್ಳದ್ದೂ ಆಗಿಲ್ಲ ಎಂದು 2025ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಪೋಷಕರಿಗೆ ಮಗುವನ್ನು ಹೊರಗಿಡುವ ಹಕ್ಕಿದೆ ಎಂಬುದಷ್ಟೇ ಸಾಲದೆಂದೂ ಹೇಳಿತು. ತರಗತಿಯಿಂದ ಒಂಟಿಯಾಗಿ ಹೊರಗೆ ಕೂರುವ ಮಗುವಿನ ಸಂಕಟವನ್ನು ಕಾನೂನು ಗಂಭೀರವಾಗಿ ತೆಗೆದುಕೊಂಡಿದ್ದು ದೊಡ್ಡ ಸಂಗತಿ.

ಭಾರತ: 28ನೇ ವಿಧಿಯಿಂದ ಅರುಣಾ ರಾಯ್ ತೀರ್ಪಿನವರೆಗೆ

ಗಾಂಧೀಜಿ 1937ರ ವಾರ್ಧಾ ಶಿಕ್ಷಣ ಯೋಜನೆಯಲ್ಲಿ ಧರ್ಮಬೋಧನೆಗೆ ಜಾಗ ಕೊಡಲಿಲ್ಲ. ಧರ್ಮಗಳನ್ನು ಈಗ ಕಲಿಸುವ, ಪಾಲಿಸುವ ರೀತಿ ಒಗ್ಗಟ್ಟಿಗಿಂತ ಜಗಳಕ್ಕೇ ದಾರಿಯಾಗುತ್ತಿದೆ ಎಂಬುದು ಅವರ ಕಾರಣ. ಆದರೆ ಎಲ್ಲ ಧರ್ಮಗಳಿಗೂ ಸಮಾನವಾದ ಸತ್ಯಗಳನ್ನು ಮಕ್ಕಳಿಗೆ ಕಲಿಸಬಹುದು, ಕಲಿಸಬೇಕು ಎಂದೂ ನಂಬಿದ್ದರು. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಈ ಪ್ರಶ್ನೆ ಬಂದಾಗ ಅಂಬೇಡ್ಕರ್ ಗೆರೆಯನ್ನು ಸ್ಪಷ್ಟವಾಗಿ ಎಳೆದರು: ಇಂಥದ್ದನ್ನು ನಂಬು ಎಂದು ಹೇಳಿಕೊಡುವುದು ಧಾರ್ಮಿಕ ಬೋಧನೆ, ಅಧ್ಯಯನ, ಸಂಶೋಧನೆ ಅದಲ್ಲ. ಸಂಪೂರ್ಣವಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದ 28ನೇ ವಿಧಿಯನ್ನು ಈ ಬೆಳಕಿನಲ್ಲಿ ಓದಬೇಕು. ಅಮೆರಿಕದ ನ್ಯಾಯಾಲಯ ಹದಿನೈದು ವರ್ಷಗಳ ನಂತರ ಹೇಳಿದ್ದನ್ನು ನಮ್ಮವರು ಆಗಲೇ ಹೇಳಿದ್ದರು.

ಆಮೇಲೆ ಸಮಿತಿಗಳ ಸಾಲು. 1959ರಲ್ಲಿ ನೇಮಕವಾದ ಶ್ರೀಪ್ರಕಾಶ ಸಮಿತಿ ಪ್ರಾಥಮಿಕ ಹಂತದಲ್ಲಿ ಸಂತರ, ಧರ್ಮಪ್ರವರ್ತಕರ ಸರಳ ಕಥೆಗಳನ್ನು ಸೂಚಿಸಿತು. 1964-66ರ ಕೊಠಾರಿ ಆಯೋಗ ಧಾರ್ಮಿಕ ಶಿಕ್ಷಣವನ್ನೂ ಧರ್ಮಗಳ ಬಗೆಗಿನ ಶಿಕ್ಷಣವನ್ನೂ ಬೇರ್ಪಡಿಸಿ, ಎರಡನೆಯದು ಪೌರಶಿಕ್ಷಣದ ಭಾಗವಾಗಬೇಕು, ಎಲ್ಲ ಪ್ರಮುಖ ಧರ್ಮಗಳ ಬಗ್ಗೆ ತಜ್ಞರಿಂದ ಒಂದೇ ಪಠ್ಯ ಬರೆಸಬೇಕು ಎಂದಿತು. 1971ರಲ್ಲಿ ಸುಪ್ರೀಂ ಕೋರ್ಟ್ ಗುರು ನಾನಕರ ಬದುಕು, ಬೋಧನೆಗಳ ಅಧ್ಯಯನ ಧಾರ್ಮಿಕ ಬೋಧನೆಯಲ್ಲ ಎಂದಿತು. 2000ದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಧರ್ಮಗಳ ಬಗೆಗಿನ ಶಿಕ್ಷಣವನ್ನು ಮುಂದಿಟ್ಟಾಗ, ಅದು ಕೇಸರೀಕರಣದ ದಾರಿ ಎಂಬ ಆತಂಕದಿಂದ ಅರುಣಾ ರಾಯ್ ಮತ್ತಿತರರು ಮೊಕದ್ದಮೆ ಹೂಡಿದರು. 2002ರ ಸೆಪ್ಟೆಂಬರಿನ ಅರುಣಾ ರಾಯ್ ತೀರ್ಪು ಚೌಕಟ್ಟನ್ನು ಎತ್ತಿಹಿಡಿಯಿತು. ಜಾರಿಗೊಳಿಸುವಾಗ ಎಚ್ಚರ ಬೇಕೆಂದೂ ಹೇಳಿತು.

ಅಂದರೆ ನಮ್ಮಲ್ಲಿ ಕಾನೂನಿನ ಅಡ್ಡಿಯಿಲ್ಲ. ಅಡ್ಡಿಯಿರುವುದು ಪರಸ್ಪರ ವಿಶ್ವಾಸದ ಕೊರತೆಯಲ್ಲಿ. 2008ರಲ್ಲಿ ಕೇರಳದ ಏಳನೇ ತರಗತಿಯ ಸಮಾಜ ಪಾಠವೊಂದರಲ್ಲಿ, ಬೇರೆ ಬೇರೆ ಧರ್ಮದ ತಂದೆತಾಯಿ ಮಗನನ್ನು ಶಾಲೆಗೆ ಸೇರಿಸುವಾಗ ಧರ್ಮದ ಜಾಗದಲ್ಲಿ ‘ಇಲ್ಲ’ ಎಂದು ಬರೆಸುತ್ತಾರೆ. ದೊಡ್ಡವನಾದ ಮೇಲೆ ಅವನೇ ಆರಿಸಿಕೊಳ್ಳಲಿ ಎನ್ನುತ್ತಾರೆ. ಈ ಪುಟ್ಟ ಸಂಭಾಷಣೆಯ ವಿರುದ್ಧ ರಾಜ್ಯವಿಡೀ ಪ್ರತಿಭಟನೆ ನಡೆಯಿತು. ಕರ್ನಾಟಕದಲ್ಲಿ 2022ರ ಪಠ್ಯಪುಸ್ತಕ ಪರಿಷ್ಕರಣೆಯ ಹೊತ್ತಿನಲ್ಲಿ, ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಬಸವಣ್ಣನವರ ಬಗ್ಗೆ ಬರೆದ ವಿವರಕ್ಕೆ ಹಲವು ಮಠಾಧೀಶರು ಆಕ್ಷೇಪ ಎತ್ತಿದರು. ಪಠ್ಯ ಬರೆಯುವ ಹಕ್ಕು ಯಾರದು ಎಂಬುದೇ ಎಲ್ಲ ಕಡೆಯ ಜಗಳದ ತಿರುಳು.

ಆರು ಪೆಟ್ಟಿಗೆಗಳಲ್ಲಿ ಹಿಡಿಯದ ನಾಡು

ಇಂಗ್ಲೆಂಡಿನ ಆರರ ಪಟ್ಟಿಯನ್ನು ಕರ್ನಾಟಕಕ್ಕೆ ತಂದರೆ ಮೊದಲ ದಿನವೇ ಸೋಲುತ್ತದೆ. ಶ್ರವಣಬೆಳಗೊಳದ ಜೈನರಿಗೆ ಅದರಲ್ಲಿ ಜಾಗವಿಲ್ಲ, ಲಿಂಗಾಯತರಿಗಿಲ್ಲ. ಕೊಡಗಿನ ಗುರುಕಾರೋಣರನ್ನೂ ತುಳುನಾಡಿನ ದೈವಗಳನ್ನೂ ಆ ಪಟ್ಟಿಯಲ್ಲಿ ಎಲ್ಲಿ ಇಡಬೇಕೆಂದು ಗೊತ್ತಾಗುವುದಿಲ್ಲ. ಬೈಲಕುಪ್ಪೆಯ ಟಿಬೆಟನ್ ಮಗುವಿನ ಬೌದ್ಧಧರ್ಮವೂ ಅಂಬೇಡ್ಕರ್ ದಾರಿ ಹಿಡಿದ ಕಲಬುರಗಿಯ ಮಗುವಿನ ಬೌದ್ಧಧರ್ಮವೂ ಒಂದೇ ಅಧ್ಯಾಯದಲ್ಲಿ ಮುಗಿಯುವುದಿಲ್ಲ.

ಗಡಿಗಳೂ ಗಟ್ಟಿಯಲ್ಲ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮೊಹರಂ ಇಡೀ ಊರಿನ ಹಬ್ಬ. ಮುಸ್ಲಿಂ ಮನೆಯೇ ಇಲ್ಲದ ಊರಿನಲ್ಲೂ ಅಲಾಯಿ ದೇವರು ಕೂರುತ್ತವೆ, ಹೆಜ್ಜೆ ಕುಣಿತ ನಡೆಯುತ್ತದೆ. ಶಿಶುನಾಳ ಷರೀಫರಿಗೆ ಗುರುವಾದವರು ಗೋವಿಂದಭಟ್ಟರು. ಈ ಊರುಗಳ ಮಗು ಧರ್ಮಗಳ ಒಡನಾಟವನ್ನು ಪುಸ್ತಕ ತೆರೆಯುವ ಮೊದಲೇ ಕಂಡಿರುತ್ತದೆ. ಜಾಕ್ಸನ್ ಕವೆಂಟ್ರಿಯಲ್ಲಿ ಸಂಶೋಧನೆ ಮಾಡಿ ಕಂಡುಕೊಂಡದ್ದು ನಮ್ಮ ಹಳ್ಳಿಗಳಲ್ಲಿ ಕಣ್ಣೆದುರಿಗೇ ಇದೆ. ಆದ್ದರಿಂದ ನಮ್ಮ ಪಾಠ ‘ಜಗತ್ತಿನ ಧರ್ಮಗಳು’ ಎಂಬ ಶೀರ್ಷಿಕೆಯಿಂದಲ್ಲ, ಊರಿನ ಜಾತ್ರೆ, ಉರುಸು, ಚರ್ಚಿನ ಹಬ್ಬದಿಂದ ಶುರುವಾಗಬೇಕು. ಅಲ್ಲಿಂದ ಜಗತ್ತಿಗೆ ಹೋಗಬೇಕು. ನಮ್ಮ ಪರಿಸರ ಅಧ್ಯಯನಕ್ಕೂ ನಲಿ-ಕಲಿಯ ಚಟುವಟಿಕೆಗಳಿಗೂ ಇದು ಸಹಜವಾಗಿ ಹೊಂದುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಇಷ್ಟೆಲ್ಲ ಚರ್ಚೆಯ ನಂತರವೂ ಐದು ಪ್ರಶ್ನೆಗಳು ತೆರೆದೇ ಇವೆ.

ಮೊದಲನೆಯದು ಪರಿಣಾಮದ್ದು. ಈ ಪಾಠದಿಂದ ತಿಳಿವಳಿಕೆ ಹೆಚ್ಚುವುದನ್ನು ಅಳೆಯಬಹುದು. ದ್ವೇಷ ಕಡಿಮೆಯಾಗುವುದನ್ನು ಅಳೆಯುವುದು ಕಷ್ಟ. ಕ್ಯಾಲಿಫೋರ್ನಿಯಾದ ಮಾಡೆಸ್ಟೊ ನಗರದ ಪ್ರೌಢಶಾಲೆಗಳ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನ, ಇತರರ ಧಾರ್ಮಿಕ ಹಕ್ಕುಗಳ ಬಗ್ಗೆ ಗೌರವ ಹೆಚ್ಚಿದ್ದನ್ನೂ ಸ್ವಂತ ನಂಬಿಕೆ ಕದಲದಿದ್ದುದನ್ನೂ ಕಂಡಿತು. ಆದರೆ ಅವರು ಹದಿಹರೆಯದವರು. ಆರೇಳು ವರ್ಷದವರಿಗೆ ಆ ಫಲಿತಾಂಶ ಅನ್ವಯಿಸುತ್ತದೆ ಎನ್ನಲಾಗದು.

ಎರಡನೆಯದು ಕಹಿಯ ಪ್ರಶ್ನೆ. ಅಸ್ಪೃಶ್ಯತೆ, ಹೆಣ್ಣಿಗೆ ಹಾಕಿದ ಕಟ್ಟುಗಳು, ಧರ್ಮದ ಹೆಸರಿನ ಹಿಂಸೆ ಇವನ್ನು ಯಾವ ತರಗತಿಯಲ್ಲಿ, ಯಾವ ಮಾತುಗಳಲ್ಲಿ ಹೇಳಬೇಕು? ಬಿಟ್ಟರೆ ಪಾಠ ಸುಳ್ಳಾಗುತ್ತದೆ. ದೇವಸ್ಥಾನದ ಹೊರಗೆ ನಿಂತ ಅನುಭವವಿರುವ ಮಗುವಿಗೆ ಆ ಸುಳ್ಳು ತಕ್ಷಣ ಗೊತ್ತಾಗುತ್ತದೆ. ಹೇಳಿದರೆ ಸಹಪಾಠಿಯ ಮನೆಯನ್ನು ದೂಷಿಸಿದಂತೆ ಆಗುವ ಅಪಾಯವಿದೆ.

ಮೂರನೆಯದು ಪ್ರತಿನಿಧಿತ್ವದ್ದು: ಒಂದು ಧರ್ಮದ ಪರವಾಗಿ ಮಾತಾಡುವವರು ಮಠವೋ ವಿದ್ವಾಂಸರೋ, ಆಚರಿಸುವ ಸಾಮಾನ್ಯ ಜನರೋ? ನಾಲ್ಕನೆಯದು ವಿನಾಯಿತಿಯದ್ದು: ಪಾಠ ನಿಜಕ್ಕೂ ನಿಷ್ಪಕ್ಷಪಾತವಾಗಿದ್ದರೆ ಹೊರಗುಳಿಯುವ ಹಕ್ಕು ಬೇಕೆ? ವೇಲ್ಸ್ ಬೇಡ ಎನ್ನುತ್ತದೆ, ಇಂಗ್ಲೆಂಡ್ ಬೇಕು ಎನ್ನುತ್ತದೆ.

ಐದನೆಯದು ಎಲ್ಲಕ್ಕಿಂತ ದೊಡ್ಡದು: ಶಿಕ್ಷಕರು. ದಶಕಗಳ ಅನುಭವವಿರುವ ಇಂಗ್ಲೆಂಡಿನಲ್ಲೇ, ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ 2013ರಲ್ಲಿ ತಾನು ನೋಡಿದ ಅರ್ಧಕ್ಕಿಂತ ಹೆಚ್ಚು ಪ್ರಾಥಮಿಕ ಶಾಲೆಗಳಲ್ಲಿ ಈ ವಿಷಯದ ಬೋಧನೆ ‘ಉತ್ತಮ’ ಮಟ್ಟ ಮುಟ್ಟಿಲ್ಲ ಎಂದು ವರದಿ ಮಾಡಿತು. ಒಳ್ಳೆಯ ಪಠ್ಯವನ್ನೂ ಒಂದು ವ್ಯಂಗ್ಯದ ನಗು ಕೆಡಿಸಬಲ್ಲದು. ಸಾಧಾರಣ ಪಠ್ಯವನ್ನೂ ಒಬ್ಬ ಸಮಚಿತ್ತದ ಶಿಕ್ಷಕಿ ಉಳಿಸಬಲ್ಲಳು. ನಮ್ಮಲ್ಲಿ ಪಠ್ಯಪುಸ್ತಕದ ಮೇಲೆ ನಡೆದ ಚರ್ಚೆಯ ಹತ್ತರಲ್ಲೊಂದು ಭಾಗವೂ ಶಿಕ್ಷಕರ ತರಬೇತಿಯ ಮೇಲೆ ನಡೆದಿಲ್ಲ.

ಆದ್ದರಿಂದ ಈ ಸಮೀಕ್ಷೆಯ ಕೊನೆಗೆ ಒಂದು ಒತ್ತಾಯ. ಹೊಸ ಪುಸ್ತಕ ಬರೆಸುವ ಮೊದಲು ಡಿ.ಇಡಿ., ಬಿ.ಇಡಿ. ತರಗತಿಗಳಲ್ಲಿ ಬೋಧನೆಗೂ ಅಧ್ಯಯನಕ್ಕೂ ಇರುವ ಅಂತರವನ್ನು, ಅಂಬೇಡ್ಕರ್ ಎಳೆದ ಆ ಗೆರೆಯನ್ನು, ಕಲಿಸಲಿ. ಪ್ರತಿ ಶಿಕ್ಷಕಿಗೂ ತನ್ನದಲ್ಲದ ಒಂದು ಧರ್ಮದ ಮನೆಯ ಬದುಕನ್ನು ಹತ್ತಿರದಿಂದ ನೋಡುವ ಅವಕಾಶ ತರಬೇತಿಯಲ್ಲೇ ಸಿಗಲಿ. ಪೋಷಕರೂ ಒಂದು ಕೆಲಸ ಮಾಡಬಹುದು: ಪಕ್ಕದ ಮನೆಯ ದೇವರ ಬಗ್ಗೆ ಮಗು ಕೇಳಿದಾಗ ಗದರಬೇಡಿ. ಗೊತ್ತಿದ್ದರೆ ಗೌರವದಿಂದ ಹೇಳಿ. ಗೊತ್ತಿಲ್ಲದಿದ್ದರೆ ಮಗುವನ್ನು ಕರೆದುಕೊಂಡು ಹೋಗಿ ಆ ಮನೆಯವರನ್ನೇ ಕೇಳಿ.